ರಕ್ತದ ವೈರಸ್‌ಗೆ ಬೆಳಕಿನ ತಡೆ: ಪೇಟೆಂಟ್ ತಕರಾರುಗಳು

ದಾನಿಗಳ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳಿಗೆ ಬೆಳಕಿಗೆ ಸ್ಪಂದಿಸುವ ರಾಸಾಯನಿಕ ಬೆರೆಸಿ, ಚೀಲದ ಮೇಲೆ ಬೆಳಕು ಹಾಯಿಸಿ ವೈರಸ್ ನಿಷ್ಕ್ರಿಯಗೊಳಿಸುವ ವಿಧಾನಗಳ ಒಡೆತನದ ಜಗಳ ಇದು. 1980ರ ದಶಕದಲ್ಲಿ ಎಚ್‌ಐವಿ ಸೋಂಕಿನ ರಕ್ತೋತ್ಪನ್ನಗಳು ಹಿಮೋಫಿಲಿಯಾ ರೋಗಿಗಳನ್ನು ಬಲಿ ತೆಗೆದುಕೊಂಡ ಮೇಲೆ ಇಂಥ ವಿಧಾನಗಳ ಸಂಶೋಧನೆ ಬಿರುಸಾಯಿತು. ಮೆಥಿಲೀನ್ ಬ್ಲೂ, ರೈಬೊಫ್ಲೇವಿನ್, ಸೊರಾಲೆನ್ ಇದರ ಮುಖ್ಯ ದಾರಿಗಳು. ಅಮೋಟೋಸಾಲೆನ್ ಎಂಬ ಸೊರಾಲೆನ್ ಬಳಸುವ ಸೀರಸ್ ಕಂಪನಿಯ ಇಂಟರ್‌ಸೆಪ್ಟ್ ವ್ಯವಸ್ಥೆಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ.

ತಕರಾರಿನ ತಿರುಳು ಹೊಸತನ. ಮೆಥಿಲೀನ್ ಬ್ಲೂ 1876ರ ಬಣ್ಣ. ಸೊರಾಲೆನ್‌ಗೆ ಹೆಸರು ಬಂದದ್ದೇ ನಮ್ಮ ಬಾವಂಚಿ ಗಿಡದ ಸಸ್ಯಶಾಸ್ತ್ರೀಯ ಹೆಸರಿನಿಂದ. ಅದರ ಬೀಜ ಅರೆದು ಹಚ್ಚಿ, ಬಿಸಿಲಿಗೆ ಕೂರಿಸಿ ತೊನ್ನಿಗೆ ಮದ್ದು ಮಾಡುವುದು ಆಯುರ್ವೇದಕ್ಕೆ ಹಳೆಯ ಮಾತು. ಹಾಗೆಂದು ಎಲ್ಲವೂ ನಮ್ಮದೇ ಎನ್ನುವುದು ಅತಿಯಾದೀತು: ತೊನ್ನಿನ ಲೇಪ ಬೇರೆ, ವೈರಸ್‌ನ ಡಿಎನ್‌ಎ, ಆರ್‌ಎನ್‌ಎಗಳನ್ನು ಬೆಸೆದು ಅದು ಬೆಳೆಯದಂತೆ ಮಾಡುವುದು ಬೇರೆ. ಆದ್ದರಿಂದಲೇ ಕಂಪನಿಗಳು ಹೊಸ ಅಣು, ಬೆಳಕಿನ ಪ್ರಮಾಣ, ಉಳಿದ ರಾಸಾಯನಿಕವನ್ನು ಹೀರಿ ತೆಗೆಯುವ ಸಾಧನಗಳ ಮೇಲೆ ಹಕ್ಕು ಕೇಳುತ್ತವೆ.

ಭಾರತದ 1970ರ ಪೇಟೆಂಟ್ ಕಾಯ್ದೆಯ ಕಲಂ 3(ಪಿ) ಪಾರಂಪರಿಕ ಜ್ಞಾನಕ್ಕೂ 3(ಐ) ಮನುಷ್ಯರ ಚಿಕಿತ್ಸಾ ವಿಧಾನಗಳಿಗೂ ಪೇಟೆಂಟ್ ನಿರಾಕರಿಸುತ್ತವೆ. ದೇಹದಾಚೆ, ಚೀಲದೊಳಗೆ ನಡೆಯುವ ಸಂಸ್ಕರಣೆ ಚಿಕಿತ್ಸೆಯೇ ಎಂಬುದು ವಾದಕ್ಕೆ ಎಡೆ ಕೊಡುವ ಪ್ರಶ್ನೆ. ಬೆಳಕು ಹಾಯಿಸುವ ಯಂತ್ರಕ್ಕೆ ಆ ತೊಡಕಿಲ್ಲ. ಪೇಟೆಂಟ್ ಮಂಜೂರಾಗುವ ಮುನ್ನ ಯಾರು ಬೇಕಾದರೂ ಆಕ್ಷೇಪಿಸಬಹುದು. ಇಡೀ ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ.