ಬಿಳಿಗಿರಿಯ ಎಲ್ಲೆಗಳು

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ತರುವಾಯ ಕೊಳ್ಳೇಗಾಲ ಸೀಮೆಯು ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿ, ಯಳಂದೂರು ಮೈಸೂರಿನಲ್ಲಿಯೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾದುದರಿಂದ, ಬಿಳಿಗಿರಿಯ ಸಮೀಪದಲ್ಲಿ ಒಂದೇ ಹಗಲಿನಲ್ಲಿ ನಡೆದು ಮುಟ್ಟಬಹುದಾದ ಈ ಎರಡು ಊರುಗಳ ನಡುವೆ 1956ರ ನವೆಂಬರ್ 1ರವರೆಗೂ ಎರಡು ಆಡಳಿತಗಳ ಗಡಿಯಿದ್ದಿತು. ಇಂಗ್ಲಿಷ್ ಮೋಜಣಿದಾರ ಲ್ಯಾಂಬ್ಟನ್ನನು 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಉಕ್ಕಿನ ಸರಪಳಿಯಿಂದ ಆಧಾರರೇಖೆಯನ್ನಳೆದು ಆರಂಭಿಸಿದ ತ್ರಿಕೋನಗಳ ಮೋಜಣಿಯಿಂದ ಈ ನಾಡಿನ ಶಿಖರಗಳೂ ಊರುಗಳೂ ಸರ್ಕಾರದ ನಕಾಶೆಯಲ್ಲಿ ನೆಲೆಗೊಂಡುವು. ಇಲ್ಲಿಯ ಕಾಡಿನಲ್ಲಿ ಬಾಳುವ ಸೋಲಿಗರ ಎಲ್ಲೆಗಳಿಗೆ ಅಲ್ಲಿ ಸ್ಥಳ ದೊರೆಯಲಿಲ್ಲ.

ಬಿಳಿಗಿರಿಯ ರಂಗನಾಥನನ್ನು ಭಾವನೆಂದೇ ಕರೆಯುವ ಈ ಜನರಲ್ಲಿ ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ. ಅದರೊಳಗೆ ದೇವರು, ಮಾರಮ್ಮ, ವೀರು, ಹಿರಿಯರ ಕಲ್ಲುಗುಡಿ, ನೀರಿನ ಅಬ್ಬಿ. ಬುಡದಲ್ಲಿ ಪೂಜಾಶಿಲೆಗಳನ್ನು ಇರಿಸಿಕೊಂಡು ಭಾರ್ಗವಿ ಹೊಳೆಯ ಬಳಿ ನಿಂತಿರುವ ದೊಡ್ಡ ಸಂಪಿಗೆಯನ್ನು ಯಾತ್ರಿಕರೂ ಬಲ್ಲರು. ಉಳಿದ ತಾಣಗಳನ್ನು ಬಲ್ಲವರು ಆಯಾ ಕುಲದವರು ಮಾತ್ರ. 1974ರಲ್ಲಿ ಕಾಡು ಅಭಯಾರಣ್ಯವಾಗಿ, ಕುಮರಿ ಬೇಸಾಯ ನಿಂತು, ಜನರು ಪೋಡುಗಳೆಂಬ ಹಾಡಿಗಳಲ್ಲಿ ನೆಲೆಸಬೇಕಾಗಿ ಬಂದ ಮೇಲೆ, ಎಲ್ಲೆಗಳು ವೃದ್ಧರ ನೆನಪನ್ನೇ ಆಶ್ರಯಿಸಿ ಉಳಿದುವು. ಇದೊಂದು ದೊಡ್ಡ ಅನ್ಯಾಯವೆಂದೇ ನನ್ನ ಭಾವನೆ.

2000ದ ಮೇ ತಿಂಗಳಿನಲ್ಲಿ ಅಮೆರಿಕವು ತನ್ನ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಕೈಬಿಟ್ಟುದರಿಂದ, ಅದುವರೆಗೆ ನೂರು ಮೀಟರಿನಷ್ಟು ತಪ್ಪಬಹುದಾಗಿದ್ದ ಜನಸಾಮಾನ್ಯರ ಉಪಕರಣವು ಒಂದು ಕಲ್ಲುಗುಡಿಯನ್ನು ನೆರೆಯ ಇನ್ನೊಂದರಿಂದ ಬೇರ್ಪಡಿಸಿ ತೋರುವಷ್ಟು ನಿಖರವಾಯಿತು. ಮುಂದಿನ ದಶಕದಲ್ಲಿ ಸೋಲಿಗರೂ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಕೂಡಿ ಕಾಡಿನಲ್ಲಿ ನಡೆದು, 400ಕ್ಕೂ ಮಿಕ್ಕ ತಾಣಗಳನ್ನು ಗುರುತಿಸಿ ನಕಾಶೆಗೆ ತಂದರು. ಸ್ಥಾನವು ತಿಳಿಯಬೇಕಾದರೆ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಒಟ್ಟಿಗೆ ದೊರೆಯಬೇಕು. ದಟ್ಟವಾದ ಮರಗಳ ಅಡಿಯಲ್ಲಿ, ಕಣಿವೆಯ ತಳದಲ್ಲಿ, ಅವು ಬೇಗನೆ ಸಿಕ್ಕುವುದಿಲ್ಲ. ಅಂಕಿಗಳನ್ನು ಉಪಕರಣ ಕೊಟ್ಟಿತು. ಯಾವ ಕಲ್ಲು ಯಾವ ಕುಲದ್ದೆಂಬುದನ್ನು ಹೇಳಿದವರು ಹಿರಿಯರೇ. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅನೇಕ ಪೋಡುಗಳಿಗೆ, 2006ರ ಅರಣ್ಯ ಹಕ್ಕು ಕಾಯ್ದೆಯಂತೆ, ಸಾಮುದಾಯಿಕ ಅರಣ್ಯ ಹಕ್ಕೂ ಲಭಿಸಿತು.

ಈಗ ಅದೇ ಉಪಕರಣವು ಮೊಬೈಲಿನೊಳಗೆ ಅಡಗಿ ಹನೂರಿನ ಸಂತೆಯಲ್ಲಿ ಎಲ್ಲರ ಜೇಬಿನಲ್ಲಿಯೂ ಇದೆ. ಟವರಿನ ಸಂಪರ್ಕವಿಲ್ಲದ ಕಾಡಿನಲ್ಲಿ ನಕಾಶೆಯ ಚಿತ್ರ ಮೂಡದೆ ತೆರೆಯು ಬರಿದಾಗಿ ಕಂಡರೂ, ಉಪಗ್ರಹದ ಸಂಕೇತಕ್ಕೆ ಟವರಿನ ಹಂಗಿಲ್ಲವಾದುದರಿಂದ, ನಿಂತ ತಾಣದ ಅಕ್ಷಾಂಶ ರೇಖಾಂಶಗಳನ್ನು ಅದು ದಾಖಲಿಸಬಲ್ಲುದು. ನೆರೆಯ ಮಲೆ ಮಹದೇಶ್ವರ ಬೆಟ್ಟದ ಸುತ್ತಣ ಸೋಲಿಗರ ಪೋಡುಗಳ ತರುಣರೂ, ಬೆಟ್ಟ ಹತ್ತುವ ಶಕ್ತಿ ಅಜ್ಜಂದಿರಲ್ಲಿ ಇನ್ನೂ ಇರುವಾಗಲೇ, ಅವರೊಡನೆ ತಮ್ಮ ಎಲ್ಲೆಗಳನ್ನು ಒಮ್ಮೆ ಸುತ್ತಿ ಬರಲೆಂಬುದು ನನ್ನ ಆಸೆ.