ತುರುಷ್ಕರ ಲಿಪಿಪರಿವರ್ತನೆ

ತುರುಷ್ಕಶಬ್ದವು ನಮ್ಮ ಪಂಡಿತರಿಗೆ ಚಿರಪರಿಚಿತವಾದುದು. ಕಲ್ಹಣನು ರಾಜತರಂಗಿಣಿಯಲ್ಲಿ ಕನಿಷ್ಕಾದಿಗಳನ್ನೂ ತುರುಷ್ಕರೆಂದಿರುವನು. ಕುಷಾಣರು ವಸ್ತುತಃ ಆ ಜನಾಂಗದವರಲ್ಲವೆಂಬುದು ಬೇರೆಯ ಮಾತು. ಆದರೆ ತುರುಷ್ಕರು ತಮ್ಮ ನುಡಿಯನ್ನು ಯಾವ ಅಕ್ಷರಗಳಲ್ಲಿ ಬರೆದರೆಂಬುದನ್ನು ನಮ್ಮಲ್ಲಿ ವಿಚಾರಿಸಿದವರು ವಿರಳ.

ಮಂಗೋಲಿಯಾದ ಓರ್ಖೋನ್ ನದಿಯ ಪ್ರಾಂತದಲ್ಲಿ ಕುಲ್ ತಿಗಿನ್ ಎಂಬ ರಾಜಕುಮಾರನ ಸ್ಮರಣಾರ್ಥವಾಗಿ ಕ್ರಿ. ಶ. 732ರಲ್ಲಿ ನಿಲ್ಲಿಸಿದ ಶಿಲಾಶಾಸನವುಂಟು. ಅದರ ಲಿಪಿಯನ್ನು ತುರುಷ್ಕರೇ ಮರೆತಿದ್ದರು. 1893ರಲ್ಲಿ ಡೆನ್ಮಾರ್ಕಿನ ಥಾಮ್ಸೆನ್ ಪಂಡಿತನು ಅದನ್ನು ಭೇದಿಸಿದನು. ತರುವಾಯ ಉಯ್ಗುರ ಲಿಪಿಯು ಬಳಕೆಗೆ ಬಂದಿತು. ಅದರಲ್ಲಿ ಬರೆದ ಬೌದ್ಧಗ್ರಂಥಗಳಲ್ಲಿ ನಮ್ಮ ಶ್ಲೋಕಶಬ್ದವು 'ಶ್ಲೋಕ್' ಎಂದು ಕಾಣಿಸಿಕೊಳ್ಳುತ್ತದೆ.

ಇಸ್ಲಾಂ ಮತದೊಡನೆ ಅರಬ್ಬೀ ಲಿಪಿಯು ಬಂದಿತು. ತುರ್ಕೀ ಭಾಷೆಯ ಸ್ವರಗಳು ಎಂಟು. ಅವುಗಳ ಪರಸ್ಪರಾನುಗುಣ್ಯವೇ ಆ ಭಾಷೆಯ ಜೀವಾಳ. ಅರಬ್ಬೀ ಅಕ್ಷರಮಾಲೆಗೆ ಈ ಭೇದಗಳನ್ನು ತೋರಿಸುವ ಶಕ್ತಿಯಿರಲಿಲ್ಲ. ಹತ್ತೆಂಬ ಅರ್ಥದ 'ಒನ್', ಹಿಟ್ಟೆಂಬ ಅರ್ಥದ 'ಉನ್' ಇವೆರಡನ್ನೂ ಒಂದೇ ರೀತಿಯಾಗಿ ಬರೆಯಬೇಕಾಗಿದ್ದಿತು. ವರ್ಣಶುದ್ಧಿಯನ್ನು ಶಿಕ್ಷಾಶಾಸ್ತ್ರದಿಂದ ಕಲಿತ ನಮಗೆ ಈ ಕ್ಲೇಶವು ಸುಲಭವಾಗಿ ಬೋಧೆಯಾಗುತ್ತದೆ.

ಆದುದರಿಂದ 1928ನೆಯ ನವೆಂಬರ್ 1ರ ಶಾಸನದಿಂದ ಲ್ಯಾಟಿನ್ ಲಿಪಿಯನ್ನು ವಿಧಿಸಿದುದು ಭಾಷಾದೃಷ್ಟಿಯಿಂದ ಯುಕ್ತವೇ ಸರಿ. ಆದರೂ ಪಿತಾಮಹನ ಪತ್ರವೂ ಸಮಾಧಿಲೇಖವೂ ಪೌತ್ರನಿಗೆ ಅಪಾಠ್ಯವಾದುವೆಂಬುದು ಅಲ್ಪಹಾನಿಯಲ್ಲ. 1932ರಲ್ಲಿ ಸ್ಥಾಪಿತವಾದ ಭಾಷಾಸಂಸ್ಥೆಯು ಅರಬ್ಬೀ-ಪಾರಸೀ ಪದಗಳನ್ನೂ ಹೊರದೂಡತೊಡಗಿತು. ಈ ಪರಿವರ್ತನೆಯ ಪ್ರವರ್ತಕನಾದ ಮುಸ್ತಫಾ ಕೆಮಾಲನು 1927ರಲ್ಲಿ ಆರು ದಿನ ಮಾಡಿದ ಭಾಷಣವನ್ನೇ ಮುಂದಿನ ತಲೆಯವರಿಗಾಗಿ ಸರಳವಾದ ತುರ್ಕಿಗೆ ಪರಿವರ್ತಿಸಬೇಕಾಯಿತು.