ರೋಮನ್ ಸಾಮ್ರಾಜ್ಯದ ಇಳಿಗಾಲದಲ್ಲಿ ದುಡಿಯುವವನ ಬದುಕು

ರೋಮನ್ ಸಾಮ್ರಾಜ್ಯದ ಇಳಿಗಾಲವೆಂದೊಡನೆ ದಂಡಯಾತ್ರೆಗಳೂ ಅರಸರ ಕೊಲೆಗಳೂ ನೆನಪಿಗೆ ಬರುವುದು ಸಹಜ. ಆದರೆ ಆ ಕಾಲದ ನಿಜವಾದ ಸಂಕಟವನ್ನು ಅರಿಯಬೇಕಾದರೆ ಅರಮನೆಯನ್ನು ಬಿಟ್ಟು ಹೊಲಕ್ಕೂ ಸಂತೆಗೂ ಹೋಗಬೇಕು.

ಮೂರನೆಯ ಶತಮಾನದಲ್ಲಿ ಸೈನ್ಯದ ವೆಚ್ಚ ಏರಿದಂತೆಲ್ಲ ಚಕ್ರವರ್ತಿಗಳು ಬೆಳ್ಳಿಯ ನಾಣ್ಯಕ್ಕೆ ತಾಮ್ರವನ್ನು ಬೆರೆಸುತ್ತ ಬಂದರು. ಆಗಸ್ಟಸನ ಕಾಲದಲ್ಲಿ ಬಹುಮಟ್ಟಿಗೆ ಶುದ್ಧವಾಗಿದ್ದ ಬೆಳ್ಳಿಯ ನಾಣ್ಯವು ಕ್ರಿ.ಶ. 270ರ ಹೊತ್ತಿಗೆ ಹೆಸರಿಗೆ ಮಾತ್ರ ಬೆಳ್ಳಿಯಾಗಿತ್ತು. ಹಣದ ಮೌಲ್ಯ ಕುಸಿಯಿತು, ಪದಾರ್ಥಗಳ ಬೆಲೆ ಏರಿತು. ಇದನ್ನು ತಡೆಯಲೆಂದು ಡಯೋಕ್ಲೀಷಿಯನ್ ಚಕ್ರವರ್ತಿಯು 301ರಲ್ಲಿ ಪ್ರಸಿದ್ಧವಾದ ಬೆಲೆಶಾಸನವನ್ನು ಹೊರಡಿಸಿದನು. ಸುಮಾರು 1,200 ಸರಕು ಸೇವೆಗಳಿಗೆ ಅದು ಗರಿಷ್ಠ ದರವನ್ನು ಗೊತ್ತುಮಾಡಿತು. ಮೀರಿದವರಿಗೆ ಮರಣದಂಡನೆ ಎಂದು ಸಾರಿತು.

ಶಿಲೆಗಳ ಮೇಲೆ ಉಳಿದುಬಂದಿರುವ ಆ ಅಂಕಿಗಳೇ ಅಂದಿನ ಸಮಾಜದ ಕನ್ನಡಿ. ಹೊಲದ ಕೂಲಿಯಾಳಿಗೆ ಊಟವಲ್ಲದೆ ದಿನಕ್ಕೆ 25 ದಿನಾರಿ. ಒಂದು ಸೈನಿಕ ಅಳತೆಯ ಗೋಧಿಗೆ 100 ದಿನಾರಿ. ಓದುಬರಹ ಕಲಿಸುವ ಉಪಾಧ್ಯಾಯನಿಗೆ ವಿದ್ಯಾರ್ಥಿಯೊಬ್ಬನಿಂದ ತಿಂಗಳಿಗೆ 50. ಧೂಮ್ರವರ್ಣದ ರೇಷ್ಮೆಯ ಒಂದು ಪೌಂಡಿಗಾದರೋ 1,50,000 ದಿನಾರಿ, ಎಂದರೆ ಆ ಕೂಲಿಯಾಳಿನ 6,000 ದಿನಗಳ ದುಡಿಮೆ!

ಶಾಸನದ ಭಯದಿಂದ ಸರಕುಗಳು ಸಂತೆಯಿಂದ ಮರೆಯಾದವೆಂದೂ ಕಡೆಗೆ ಅದನ್ನು ಕೈಬಿಡಬೇಕಾಯಿತೆಂದೂ ಲ್ಯಾಕ್ಟಾಂಟಿಯಸ್ ಬರೆದಿದ್ದಾನೆ. ಕ್ರೈಸ್ತರನ್ನು ಹಿಂಸಿಸಿದ ಅರಸನ ಮೇಲೆ ಆತನಿಗೆ ದ್ವೇಷವಿದ್ದುದು ನಿಜ; ಆದರೂ ಬೆಲೆಗಳು ಮುಂದೆಯೂ ಏರುತ್ತಲೇ ಹೋದವೆಂಬುದಕ್ಕೆ ಈಜಿಪ್ಟಿನ ಪಪೈರಸ್ ಪತ್ರಗಳು ಸಾಕ್ಷಿಯಾಗಿವೆ.

ಮುಂದೆ ಕಾನ್‌ಸ್ಟಂಟೈನನು ಸ್ಥಿರವಾದ ಚಿನ್ನದ ನಾಣ್ಯವನ್ನು ತಂದನು. ಅದು ಚಿನ್ನವುಳ್ಳವರಿಗೆ ರಕ್ಷೆಯಾಯಿತೇ ಹೊರತು ಬಡವನಿಗಲ್ಲ. 332ರ ಆತನ ಕಾನೂನಿನಂತೆ, ಜಮೀನು ಬಿಟ್ಟು ಓಡಿದ ಗೇಣಿಯ ಒಕ್ಕಲನ್ನು ಹಿಂದಿರುಗಿಸಬೇಕು. ಓಡಲು ಹವಣಿಸುವವನಿಗೆ ಗುಲಾಮನಂತೆ ಸಂಕೋಲೆ ತೊಡಿಸಬಹುದು. ಐದನೆಯ ಶತಮಾನದ ಗಾಲ್ ದೇಶದಲ್ಲಿ ತೆರಿಗೆಯ ಭಾರ ತಾಳಲಾರದ ಸಣ್ಣ ಹಿಡುವಳಿದಾರರು ಸಿರಿವಂತರ ಆಶ್ರಯ ಹೊಕ್ಕು ಭೂಮಿಯನ್ನೂ ಸ್ವಾತಂತ್ರ್ಯವನ್ನೂ ಕಳೆದುಕೊಂಡರೆಂದು ಸಾಲ್ವಿಯನ್ ಮರುಗಿದ್ದಾನೆ. ಕೆಲವರು ಶತ್ರುಗಳೆನಿಸಿದ ಗಾಥರ ನಾಡಿಗೇ ವಲಸೆಹೋದರಂತೆ.

ಈ ಚಿತ್ರ ಎಲ್ಲೆಡೆಗೂ ಅನ್ವಯಿಸದು. ಇದೇ ಕಾಲದಲ್ಲಿ ಉತ್ತರ ಸಿರಿಯದ ಹಳ್ಳಿಗಳು ಆಲಿವ್ ಎಣ್ಣೆಯ ವ್ಯವಸಾಯದಿಂದ ಏಳಿಗೆ ಹೊಂದಿದ್ದವೆಂದು ಅಲ್ಲಿ ಇಂದಿಗೂ ನಿಂತಿರುವ ಕಲ್ಲುಮನೆಗಳು ಹೇಳುತ್ತವೆ. ಆದರೆ ಪೂರ್ವದಲ್ಲಿಯೂ ವ್ಯಾಪಾರಿಗಳ ಮೇಲಿನ ತೆರಿಗೆ ಕ್ರೂರವಾಗಿತ್ತು. ಅದನ್ನು ತೆರಲು ಹೆತ್ತವರು ಮಕ್ಕಳನ್ನು ಮಾರುತ್ತಿದ್ದರೆಂದು ಇತಿಹಾಸಕಾರ ಜೋಸಿಮಸ್ ದೂರಿದ್ದಾನೆ. 498ರಲ್ಲಿ ಅನಸ್ತಾಸಿಯಸ್ ಅದನ್ನು ರದ್ದುಪಡಿಸಿದಾಗ ಎಡೆಸ್ಸಾ ಪಟ್ಟಣದ ಜನರೆಲ್ಲ ಬಿಳಿಯುಡುಗೆ ತೊಟ್ಟು, ದೀಪ ಧೂಪಗಳೊಡನೆ ಒಂದು ವಾರ ಹಬ್ಬವಾಚರಿಸಿದರು.

ಬೆಲೆಯನ್ನು ಕಲ್ಲಿನಲ್ಲಿ ಕೊರೆಸಿದ ಶಾಸನವು ಪ್ರಜೆಯ ಹೊಟ್ಟೆಯನ್ನು ತುಂಬಲಿಲ್ಲ; ಭಾರವನ್ನಿಳಿಸಿದ ಒಂದು ಆಜ್ಞೆ ಊರಿಗೆ ಊರನ್ನೇ ಬೀದಿಗೆ ತಂದು ನಲಿಸಿತು. ಪ್ರಭುತ್ವದ ಬಲವನ್ನು ಅಳೆಯಬೇಕಾದುದು ಇಂತಹ ಕಡೆಯಲ್ಲಿಯೇ.